ಕೊಡಿಯಾಲ್‌ಬೈಲಿನ ಗೋಡೆ ದಾಟುವ ಕಾಗದ

ಅಮಲಿನ ಚಟದಿಂದ ಹೊರಬಂದು ಕೆಲವು ವರ್ಷಗಳನ್ನು ಕಳೆದವರೊಬ್ಬರು ಸೆರೆಮನೆಯಲ್ಲಿರುವ ಮತ್ತೊಬ್ಬ ವ್ಯಸನಿಗೆ ನಿಯಮಿತವಾಗಿ ಪತ್ರ ಬರೆದು, ಅವನಿಂದ ಉತ್ತರ ಪಡೆದು, ಆ ಬರವಣಿಗೆಯ ನಂಟಿನಿಂದಲೇ ಅವನು ಕುಡಿಯದೆ, ಮಾದಕ ವಸ್ತು ಮುಟ್ಟದೆ ದಿನ ಕಳೆಯಲು ಆಸರೆಯಾಗುವ ಕ್ರಮವೊಂದು ಜಗತ್ತಿನ ಕೆಲವು ದೇಶಗಳಲ್ಲಿ ದಶಕಗಳಿಂದ ರೂಢಿಯಲ್ಲಿದೆ. ಇದನ್ನು ಪತ್ರಮುಖೇನ ಚೇತರಿಕೆ ಎನ್ನಬಹುದು. ಚೇತರಿಕೆ ಎಂದರೆ ಇಲ್ಲಿ ಚಟವನ್ನು ಒಮ್ಮೆ ಬಿಡುವುದಷ್ಟೇ ಆಗದೆ, ಬಿಟ್ಟ ಸ್ಥಿತಿಯಲ್ಲೇ ಉಳಿಯುವ, ವರ್ಷಗಟ್ಟಲೆ ನಡೆಯುವ ಸಾಧನೆ ಎಂದು ತಿಳಿಯಬೇಕು. ಮಂಗಳೂರಿನ ಕೊಡಿಯಾಲ್‌ಬೈಲಿನಲ್ಲಿರುವ ಜಿಲ್ಲಾ ಕಾರಾಗೃಹದಲ್ಲಿ ಈ ಕ್ರಮಕ್ಕೆ ಆಡಳಿತ ಒಪ್ಪಿದ ಒಂದು ಸ್ಥಾನ ಸಿಗಬೇಕು ಎನ್ನಲು ಮರುಕವೊಂದೇ ಕಾರಣವಲ್ಲ; ಆ ಜೈಲಿನ ಸ್ವರೂಪವೂ ಅಲ್ಲಿರುವವರ ಕಾನೂನಿನ ಸ್ಥಿತಿಯೂ ಅದನ್ನು ಬೇಡುತ್ತಿವೆ.

ನಗರದ ನಡುಮಧ್ಯೆ, ಬಿಜೈ ಕಡೆಯ ಜೈಲು ರಸ್ತೆಗೆ ತಾಗಿಕೊಂಡಿರುವ ಈ ಕಾರಾಗೃಹದಲ್ಲಿ ಹೆಚ್ಚಿನವರು ವಿಚಾರಣಾಧೀನ ಬಂದಿಗಳು, ಎಂದರೆ ಆರೋಪ ಹೊತ್ತು, ಜಾಮೀನು ದೊರೆಯದೆ ಅಥವಾ ಜಾಮೀನು ನಿಲ್ಲುವವರು ಸಿಗದೆ, ನ್ಯಾಯಾಲಯದ ತೀರ್ಪಿಗಾಗಿ ಕಾಯುತ್ತಿರುವವರು. ಇಡೀ ದೇಶದ ಚಿತ್ರವೂ ಹೀಗೆಯೇ ಇದ್ದು, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ಭಾರತದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ, ನಾಲ್ವರಲ್ಲಿ ಮೂವರು, ತೀರ್ಪು ಬಾರದವರಾಗಿದ್ದರು. ಮಾದಕ ವಸ್ತುಗಳ ಪ್ರಕರಣಗಳಲ್ಲಿ ಈ ಕಾಯುವಿಕೆ ಇನ್ನಷ್ಟು ಉದ್ದವಾಗುತ್ತದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 37ನೇ ಕಲಮಿನ ಪ್ರಕಾರ, ಸಿಕ್ಕಿದ ಮಾಲು ವಾಣಿಜ್ಯ ಪ್ರಮಾಣದ್ದಾಗಿದ್ದರೆ, ಎಂದರೆ ಸರ್ಕಾರ ಪ್ರತಿಯೊಂದು ಮಾದಕ ವಸ್ತುವಿಗೂ ನಿಗದಿ ಮಾಡಿರುವ ತೂಕವನ್ನು ಮೀರಿದ್ದರೆ, ಆರೋಪಿ ತಪ್ಪು ಮಾಡಿಲ್ಲವೆಂದು ನಂಬಲು ಸಾಕಷ್ಟು ಆಧಾರವಿದೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗದೆ ಜಾಮೀನು ಸಿಗುವಂತಿಲ್ಲ. ಹಾಗಾಗಿ ಕೊಡಿಯಾಲ್‌ಬೈಲಿನಲ್ಲಿರುವ ಒಬ್ಬನು ನಾಳೆಯೇ ಬಿಡುಗಡೆಯಾಗಬಹುದು, ಎರಡು ವರ್ಷ ಅಲ್ಲೇ ಉಳಿಯಬಹುದು, ಶಿಕ್ಷೆಯಾದರೆ ಶಿವಮೊಗ್ಗಕ್ಕೋ ಮೈಸೂರಿಗೋ ಕೇಂದ್ರ ಕಾರಾಗೃಹಕ್ಕೆ ಸಾಗಿಸಲ್ಪಡಬಹುದು. ಅವನಿಗೂ ಗೊತ್ತಿಲ್ಲ, ಅವನನ್ನು ಕಾಯುವವರಿಗೂ ಗೊತ್ತಿಲ್ಲ.

ಈ ಅನಿಶ್ಚಿತತೆಯೇ ಜೈಲಿನ ವ್ಯಸನಮುಕ್ತಿ ಕಾರ್ಯಕ್ರಮಗಳ ಬುಡವನ್ನು ಅಲ್ಲಾಡಿಸುವುದು. ಕರಾವಳಿಯವರಿಗೆ ಪರಿಚಿತವಾದ ಮದ್ಯವರ್ಜನ ಶಿಬಿರದ ಮಾದರಿಯನ್ನೇ ನೋಡಬಹುದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೂಡಿ ಜನಜಾಗೃತಿ ವೇದಿಕೆ ಊರೂರಿನಲ್ಲಿ ನಡೆಸಿಕೊಂಡು ಬಂದಿರುವ ಈ ಶಿಬಿರಗಳಲ್ಲಿ ಕುಡಿತ ಬಿಡಬೇಕೆನ್ನುವವರು ಎಂಟು ದಿನ ಒಂದೇ ಸೂರಿನಡಿ ಇದ್ದು, ವೈದ್ಯರ ನೋಟ, ಆಪ್ತಸಲಹೆ, ಭಜನೆ, ಮನೆಯವರೊಡನೆ ಮಾತುಕತೆಗಳನ್ನು ದಾಟಿ ಹೊರಬರುತ್ತಾರೆ. ಆದರೆ ಈ ಮಾದರಿಯ ಬಲ ಆ ಎಂಟು ದಿನಗಳಿಗಿಂತ ಹೆಚ್ಚಾಗಿ ಆಮೇಲಿನ ನವಜೀವನ ಸಮಿತಿಯಲ್ಲಿದೆ. ಶಿಬಿರ ಮುಗಿಸಿದವರು ತಮ್ಮ ಊರಿನಲ್ಲೇ ಗುಂಪು ಕಟ್ಟಿಕೊಂಡು ಮತ್ತೆ ಮತ್ತೆ ಸೇರಿ ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸುವುದರಿಂದ, ಶಿಬಿರದಲ್ಲಿ ಹಚ್ಚಿದ್ದು ಮನೆಯ ಅಂಗಳದಲ್ಲಿ ಆರಿಹೋಗದಂತೆ ಉಳಿಯುತ್ತದೆ. ಜೈಲಿನೊಳಗೆ ಎಂಟು ದಿನದ ಶಿಬಿರ ನಡೆಸುವುದು ಕಷ್ಟದ ಮಾತಲ್ಲ. ನವಜೀವನ ಸಮಿತಿಯನ್ನು ಕಟ್ಟುವುದು ಕಷ್ಟ. ಈ ವಾರ ಗುಂಪಿನಲ್ಲಿ ಕುಳಿತವರಲ್ಲಿ ಇಬ್ಬರಿಗೆ ಮುಂದಿನ ವಾರ ಜಾಮೀನು ಸಿಕ್ಕಿರುತ್ತದೆ, ಒಬ್ಬನನ್ನು ಬೇರೆ ಜೈಲಿಗೆ ಒಯ್ದಿರುತ್ತಾರೆ, ಇನ್ನೊಬ್ಬನಿಗೆ ಅಂದೇ ನ್ಯಾಯಾಲಯದ ದಿನ ಬಿದ್ದಿರುತ್ತದೆ. ಬಂದಿ ಎಲ್ಲಿಗೆ ಹೋದರೂ ಹಿಂಬಾಲಿಸಬಲ್ಲ, ವಿಳಾಸವೊಂದನ್ನು ಬಿಟ್ಟು ಬೇರೇನನ್ನೂ ಬದಲಾಯಿಸಬೇಕಿಲ್ಲದ ಸಂಬಂಧ ಇಂಥ ಕಡೆ ಅಗತ್ಯವಾಗುತ್ತದೆ, ಮತ್ತು ಅಂಥ ಸಂಬಂಧವನ್ನು ಅತಿ ಕಡಿಮೆ ಖರ್ಚಿನಲ್ಲಿ ಒದಗಿಸುವುದು ಅಂಚೆ.

ಜೈಲಿನಲ್ಲಿ ವ್ಯಸನದ ಹರವು ಎಷ್ಟೆಂಬುದಕ್ಕೆ ಕರ್ನಾಟಕದಲ್ಲೇ ಒಂದು ಗಟ್ಟಿಯಾದ ಆಧಾರವಿದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರಾದ ಸುರೇಶ್ ಬಡಾ ಮಠ, ಪ್ರತಿಮಾ ಮೂರ್ತಿ ಮತ್ತು ಸಂಗಡಿಗರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅವರಲ್ಲಿ ಶೇ. 79.6ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತುಗಳ ಬಳಕೆಯ ತೊಂದರೆ ಇತ್ತು. ವ್ಯಸನವನ್ನು ಲೆಕ್ಕದಿಂದ ತೆಗೆದರೆ ಈ ಪ್ರಮಾಣ ಶೇ. 27.6ಕ್ಕೆ ಇಳಿಯುತ್ತಿತ್ತು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಿದವರಿಗೆ, ಸೆರೆಮನೆಯ ವೈದ್ಯಕೀಯದಲ್ಲಿ ವ್ಯಸನವನ್ನು ಬದಿಗಿಟ್ಟು ಬೇರೆ ಕೆಲಸ ಮಾಡುವುದು ಸಾಧ್ಯವಿಲ್ಲವೆಂದು ತಿಳಿಯುತ್ತದೆ. ಕಾನೂನು ಕೂಡ ಇದನ್ನು ಕಾಯಿಲೆ ಎಂದೇ ಒಪ್ಪಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದ್ದು, ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನಲ್ಲಾದರೂ ಇಂಥವರ ಚಿಕಿತ್ಸೆಗೆ ವ್ಯವಸ್ಥೆ ಇರಬೇಕೆಂದು ತನ್ನ 103ನೇ ಕಲಮಿನಲ್ಲಿ ಹೇಳುತ್ತದೆ.

ಪತ್ರ ಏನನ್ನು ಮಾಡಲಾರದು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಿನವೂ ಕುಡಿಯುತ್ತಿದ್ದವನು ಬಂಧನಕ್ಕೊಳಗಾಗಿ ಒಮ್ಮೆಲೇ ಕುಡಿತ ನಿಂತಾಗ ದೇಹ ತೋರಿಸುವ ಪ್ರತಿಭಟನೆಗೆ ವೈದ್ಯಕೀಯದಲ್ಲಿ ಹಿಂತೆಗೆತದ ಲಕ್ಷಣಗಳು ಎಂಬ ಹೆಸರಿದೆ. ಕೊನೆಯ ಗುಟುಕಿನ ಆರೆಂಟು ಗಂಟೆಗಳಲ್ಲಿ ಕೈಬೆರಳುಗಳು ನಡುಗತೊಡಗುತ್ತವೆ, ಚಹಾದ ಲೋಟ ಬಾಯಿಗೆ ತಲುಪುವ ಮುನ್ನ ತುಳುಕುತ್ತದೆ, ಬೆವರಿನಲ್ಲಿ ಅಂಗಿ ನೆನೆಯುತ್ತದೆ. ಒಂದೆರಡು ದಿನಗಳೊಳಗೆ ಕೆಲವರಿಗೆ ಅಪಸ್ಮಾರದಂತೆ ಸೆಳೆತ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರು ಇಲ್ಲದ ಹುಳುಗಳನ್ನು ಗೋಡೆಯ ಮೇಲೆ ಕಾಣುತ್ತಾರೆ, ದಿಕ್ಕು ಹೊತ್ತು ತಿಳಿಯದೆ ಕೂಗಾಡುತ್ತಾರೆ. ಈ ಸನ್ನಿ ಸ್ಥಿತಿ ಪ್ರಾಣಕ್ಕೇ ಎರವಾಗಬಲ್ಲದು. ಬ್ಯಾರಕ್ಕಿನ ಇಕ್ಕಟ್ಟಿನಲ್ಲಿ ಇದನ್ನು ನಾಟಕವೆಂದೋ ಹುಚ್ಚೆಂದೋ ತಪ್ಪು ತಿಳಿದರೆ ಆಗುವ ನಷ್ಟವನ್ನು ಯಾವ ಕಾಗದವೂ ತುಂಬಿಕೊಡದು. ಆ ವಾರ ವೈದ್ಯರದು, ಔಷಧಿಯದು, ಅಗತ್ಯಬಿದ್ದರೆ ನಗರದ ವೆನ್‌ಲಾಕ್ ಆಸ್ಪತ್ರೆಯದು. ಪತ್ರದ ಕಾಲ ಬರುವುದು ನಡುಕ ನಿಂತು, ಹಸಿವು ಮರಳಿ, ಮೈ ಒಂದಿಷ್ಟು ತನ್ನದಾದ ಮೇಲೆ. ಬಹಳಷ್ಟು ಮಂದಿ ತಾವು ಗುಣವಾದೆವೆಂದು ನಂಬುವುದೂ ಆಗಲೇ ಆದುದರಿಂದ, ನಿಜವಾದ ಅಪಾಯದ ದಾರಿ ಅಲ್ಲಿಂದಲೇ ಶುರುವಾಗುತ್ತದೆ.

ಜೈಲಿನೊಳಗೆ ಹೋದವನಿಗೆ ಅಮಲು ಸಿಗುವುದಿಲ್ಲ, ಆದ್ದರಿಂದ ಚಟ ತಾನಾಗಿ ಬಿಟ್ಟುಹೋಗುತ್ತದೆ ಎಂಬ ನಂಬಿಕೆ ಜನರಲ್ಲಿದೆ. ಆದರೆ 2024ರ ಜುಲೈಯಲ್ಲಿ ನಗರ ಪೊಲೀಸರು ನಸುಕಿನಲ್ಲಿ ಮಂಗಳೂರು ಜೈಲಿಗೆ ದಾಳಿಯಿಟ್ಟು ತಪಾಸಣೆ ನಡೆಸಿದಾಗ ಮೊಬೈಲುಗಳ ಜೊತೆ ಗಾಂಜಾ ಕೂಡ ಸಿಕ್ಕಿತ್ತು; ರಸ್ತೆಯಿಂದ ಗೋಡೆಯಾಚೆಗೆ ಪೊಟ್ಟಣಗಳನ್ನು ಎಸೆದ ಪ್ರಕರಣವೂ ಸುದ್ದಿಯಾಗಿತ್ತು. ಮೊಬೈಲುಗಳ ಬಳಕೆಯನ್ನು ತಡೆಯಲು 2025ರಲ್ಲಿ ಜಾಮರ್ ಅಳವಡಿಸಿದಾಗ ಸುತ್ತಲಿನ ಮನೆ, ಅಂಗಡಿ, ಕಚೇರಿಗಳ ಫೋನುಗಳೂ ಸ್ತಬ್ಧವಾಗಿ ನಾಗರಿಕರು ದೂರು ಕೊಟ್ಟಿದ್ದರು. ಒಳಗಿನವನಿಗೆ ಹೊರಗಿನ ನಂಟು ಎಷ್ಟು ಬೇಕಾಗಿದೆ, ಅದು ಅಡ್ಡದಾರಿಯಲ್ಲಿ ನುಗ್ಗಿದರೆ ಏನೇನು ಜೊತೆಗೆ ನುಗ್ಗುತ್ತದೆ ಎಂಬುದನ್ನು ಈ ಘಟನೆಗಳು ತೋರಿಸುತ್ತವೆ. ತೆರೆದು ಓದಲ್ಪಟ್ಟೇ ಒಳಗೆ ಹೋಗುವ ಪತ್ರ ಮುಖ್ಯ ಬಾಗಿಲಿನಿಂದಲೇ ಹೋಗುವ ನಂಟು. ಕಾವಲಿಗೂ ಚೇತರಿಕೆಗೂ ಅಲ್ಲಿ ವಿರೋಧವಿಲ್ಲ.

ಪತ್ರದಿಂದ ಚಟ ಬಿಡಿಸುವ ಯೋಚನೆಗೆ ಆಲ್ಕೋಹಾಲಿಕ್ಸ್ ಅನಾನಿಮಸ್ ಸಂಘಟನೆಯ ಚರಿತ್ರೆಯಲ್ಲಿ ಆಳವಾದ ಬೇರಿದೆ. ಎ.ಎ. ಎಂದು ಮಂಗಳೂರಿನವರೂ ಕರೆಯುವ ಈ ಕೂಟ 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆ್ಯಕ್ರನ್ ಪಟ್ಟಣದಲ್ಲಿ, ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರಸ್ಥ ಮತ್ತು ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ, ಇಬ್ಬರೂ ಕುಡಿತದಿಂದ ಹಾಳಾಗಿದ್ದವರು, ಪರಸ್ಪರ ಮಾತನಾಡುತ್ತ ಕುಡಿಯದೆ ಉಳಿದುದರಿಂದ ಹುಟ್ಟಿತು. ವ್ಯಸನಿಯೊಬ್ಬನಿಗೆ ಇನ್ನೊಬ್ಬ ವ್ಯಸನಿ ನೆರವಾಗುವಾಗ ಇಬ್ಬರೂ ಉಳಿಯುತ್ತಾರೆ ಎಂಬುದೇ ಇದರ ತಿರುಳು. 1941ರ ಮಾರ್ಚ್ 1ರಂದು ಸ್ಯಾಟರ್ಡೇ ಈವನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಜ್ಯಾಕ್ ಅಲೆಕ್ಸಾಂಡರ್ ಈ ಕೂಟದ ಬಗ್ಗೆ ಬರೆದಾಗ ದೇಶದ ಮೂಲೆಮೂಲೆಯಿಂದ ಸಾವಿರಾರು ಕಾಗದಗಳು ನ್ಯೂಯಾರ್ಕಿನ ಪುಟ್ಟ ಕಚೇರಿಗೆ ಬಂದು ಬಿದ್ದವು. ಅವುಗಳಿಗೆ ಉತ್ತರ ಬರೆಯುತ್ತ ಬರೆಯುತ್ತಲೇ ಆ ವರ್ಷದ ಕೊನೆಗೆ ಸದಸ್ಯರ ಸಂಖ್ಯೆ ಎರಡು ಸಾವಿರದಿಂದ ಎಂಟು ಸಾವಿರಕ್ಕೆ ಏರಿತು. ಆಸ್ಟ್ರೇಲಿಯಾದಲ್ಲಿ ಎ.ಎ. ಮೊಳೆತದ್ದೂ ಸಿಲ್ವೆಸ್ಟರ್ ಮಿನೋಗ್ ಎಂಬ ಮನೋವೈದ್ಯ ಸಿಡ್ನಿಯಿಂದ ನ್ಯೂಯಾರ್ಕಿಗೆ ಬರೆದ ಪತ್ರಗಳಿಂದಲೇ. ಸ್ವತಃ ಬಿಲ್ ವಿಲ್ಸನ್ 1961ರ ಜನವರಿಯಲ್ಲಿ, ಈ ಕೂಟದ ಹುಟ್ಟಿಗೆ ಪರೋಕ್ಷವಾಗಿ ಕಾರಣರಾಗಿದ್ದ ಸ್ವಿಸ್ ಮನೋವಿಜ್ಞಾನಿ ಕಾರ್ಲ್ ಯೂಂಗ್ ಅವರಿಗೆ ಕೃತಜ್ಞತೆಯ ಪತ್ರ ಬರೆದು, ಅದೇ ತಿಂಗಳು ಉತ್ತರ ಪಡೆದರು. ಅದೇ ವರ್ಷ ಯೂಂಗ್ ತೀರಿಕೊಂಡರು. ಭಾರತಕ್ಕೆ ಎ.ಎ. ಬಂದದ್ದು 1957ರಲ್ಲಿ, ದೆಹಲಿಗೆ.

ಸೆರೆಮನೆಗೂ ಈ ಕೂಟಕ್ಕೂ ನಂಟು ಬೆಳೆದದ್ದು 1942ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನ ವಾರ್ಡನ್ ಕ್ಲಿಂಟನ್ ಡಫಿ ಬಂದಿಗಳ ಗುಂಪೊಂದಕ್ಕೆ ಅವಕಾಶ ಕೊಟ್ಟಾಗ. ಕಾಲಕ್ರಮದಲ್ಲಿ, ಗುಂಪು ಸೇರಲಾಗದ ಕಡೆ ಪತ್ರವ್ಯವಹಾರವನ್ನೇ ಒಂದು ಸೇವೆಯಾಗಿ ಅಮೆರಿಕ ಮತ್ತು ಕೆನಡಾದ ಎ.ಎ. ರೂಢಿಸಿಕೊಂಡಿತು. ಅದರ ಕಟ್ಟುಪಾಡುಗಳು ಸರಳವಾಗಿದ್ದು ಅನುಭವದಿಂದ ಬಂದಂಥವು: ಗಂಡಸರು ಗಂಡಸರಿಗೆ, ಹೆಂಗಸರು ಹೆಂಗಸರಿಗೆ ಮಾತ್ರ ಬರೆಯಬೇಕು, ಬರೆಯುವವರು ಬಂದಿಯ ಊರಿನವರಾಗಿರದೆ ಬೇರೆ ಭಾಗದವರಾಗಿರಬೇಕು, ಹಣ, ಉಡುಗೊರೆ, ಪ್ರೇಮ, ಮೊಕದ್ದಮೆಗೆ ಶಿಫಾರಸು ಯಾವುದೂ ನಡುವೆ ಬರಬಾರದು, ಮಾತೆಲ್ಲ ಕುಡಿಯದೆ ಇರುವುದರ ಸುತ್ತಲೇ ಇರಬೇಕು. ಇವೆಲ್ಲವನ್ನೂ ಕೊಡಿಯಾಲ್‌ಬೈಲಿಗೆ ಹಾಗೆಯೇ ತರಬಹುದು. ತರಲಾಗದ ಕಟ್ಟುಪಾಡು ಒಂದಿದೆ. ಅಲ್ಲಿ ಈ ಸೇವೆ ಪಡೆಯಲು ಬಂದಿಗೆ ಕನಿಷ್ಠ ಆರು ತಿಂಗಳ ಸಜೆ ಬಾಕಿ ಇರಬೇಕು. ಬಾಕಿಯೆಷ್ಟೆಂಬುದೇ ಗೊತ್ತಿಲ್ಲದ ವಿಚಾರಣಾಧೀನರ ಜೈಲಿನಲ್ಲಿ ಈ ಷರತ್ತನ್ನಿಟ್ಟರೆ ಸೇವೆ ಯಾರಿಗೂ ತಲುಪದು. ಆದುದರಿಂದ ಇಲ್ಲಿನ ವ್ಯವಸ್ಥೆಯಲ್ಲಿ ಮೊದಲ ಪತ್ರದಲ್ಲೇ ಮನೆಯ ವಿಳಾಸವನ್ನೂ ಕೇಳಿ ಬರೆದಿಟ್ಟುಕೊಂಡು, ಬಂದಿ ಜೈಲಿನಿಂದ ಹೋದರೂ ಪತ್ರ ಅವನ ಹಿಂದೆಯೇ ಹೋಗುವಂತೆ ಮಾಡುವುದು ಉಚಿತ.

ಪತ್ರದಲ್ಲಿ ಏನಿರಬೇಕು? ಇನ್‌ಲ್ಯಾಂಡಿನ ನೀಲಿ ಕಾಗದದಲ್ಲಿ ಹಿಡಿಯುವುದು ಒಂದು ಸಂಜೆಯ ಮಾತಷ್ಟೇ, ಮತ್ತು ಅಷ್ಟೇ ಸಾಕು. ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹಳೆಯ ಬಾರಿನ ಬೋರ್ಡು ಕಂಡು ಕಾಲು ಅತ್ತ ಎಳೆದದ್ದು, ಆಗ ಬರೆಯುವವರು ಏನು ಮಾಡಿದರು, ಯಾರಿಗೆ ಫೋನು ಮಾಡಿದರು, ಮನೆಗೆ ಹೋಗಿ ಗಂಜಿ ಉಂಡು ಎಷ್ಟು ಹೊತ್ತಿಗೆ ಮಲಗಿದರು; ನೆಂಟರ ಮನೆಯ ಮೆಹಂದಿಗೋ, ಮದುವೆಯ ಮುನ್ನಾದಿನದ ರೋಸಿಗೋ, ಭೂತದ ನೇಮಕ್ಕೋ ಹೋಗಿ ಲೋಟ ಮುಟ್ಟದೆ ಮರಳಿದ್ದು ಹೇಗೆ; ಮಗಳು ಕೊನೆಗೂ ಹತ್ತಿರ ಬಂದು ಕುಳಿತದ್ದು ಎಷ್ಟನೆಯ ತಿಂಗಳಲ್ಲಿ. ಉಪದೇಶಕ್ಕಿಂತ ಇಂಥ ದಿನಚರಿಯ ಚೂರುಗಳೇ ಓದುವವನಿಗೆ ಬೇಕಾದವು, ಯಾಕೆಂದರೆ ಕುಡಿಯಬಾರದೆಂದು ಅವನಿಗೆ ತಾಯಿ ಹೇಳಿದ್ದಾಳೆ, ಹೆಂಡತಿ ಹೇಳಿದ್ದಾಳೆ, ನ್ಯಾಯಾಧೀಶರೂ ಹೇಳಿದ್ದಾರೆ. ಕುಡಿಯದೆ ಒಂದು ಮಂಗಳವಾರವನ್ನು ಕಳೆಯುವುದು ಹೇಗೆಂದು ಮಾತ್ರ ಯಾರೂ ಹೇಳಿಲ್ಲ. ಕೊನೆಯಲ್ಲಿ ಒಂದು ಪ್ರಶ್ನೆ ಇರಬೇಕು, ಒಂದೇ. ರಾತ್ರಿ ನಿದ್ದೆ ಬರುತ್ತದೆಯೇ ಎಂಬಂಥದು. ಉತ್ತರ ಬರೆಯಲು ಕುಳಿತವನಿಗೆ ಹಿಡಿಯಲು ಒಂದು ಹಗ್ಗದ ತುದಿ ಸಿಗುತ್ತದೆ.

ಉತ್ತರ ಬರೆಯುವುದರಲ್ಲೇ ಅರ್ಧ ಚಿಕಿತ್ಸೆ ಇದೆ ಎನ್ನುವುದಕ್ಕೆ ಕಾರಣಗಳಿವೆ. ಅಮಲಿಗಾಗಿ ಏಳುವ ಕಡುಬಯಕೆ ಅಲೆಯಂತೆ ಏರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುವಂಥದಾದ್ದರಿಂದ, ಆ ಹೊತ್ತನ್ನು ಯಾವುದಾದರೂ ಕೆಲಸದಲ್ಲಿ ದಾಟಿಸಬೇಕು ಎಂದು ಆಪ್ತಸಲಹೆಗಾರರು ಹೇಳಿಕೊಡುತ್ತಾರೆ. ಮಾಡಲು ಕೆಲಸವೇ ಇಲ್ಲದ ಬ್ಯಾರಕ್ಕಿನಲ್ಲಿ ಪೆನ್ನು ಕಾಗದ ಆ ಕೆಲಸವಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಸೀತಾರ್ಥನ್, ಕ್ಯಾವನಾ ಮೊದಲಾದವರು 1996ರಲ್ಲಿ ಪ್ರಕಟಿಸಿದ ಅಧ್ಯಯನ, ಯೋಚನೆ ಮತ್ತು ನಡವಳಿಕೆಗಳನ್ನು ತಿದ್ದುವ ಚಿಕಿತ್ಸೆಯನ್ನು ಅಂಚೆಯಲ್ಲೇ ಕಳುಹಿಸಿಯೂ ಕುಡಿತದ ಪ್ರಮಾಣವನ್ನು ಇಳಿಸಬಹುದೆಂದು ತೋರಿಸಿತು. ವ್ಯಸನಕ್ಕೆ ನೇರವಾಗಿ ಸೇರದಿದ್ದರೂ ಹತ್ತಿರದ್ದಾದ ಇನ್ನೊಂದು ಪ್ರಯೋಗ ಸ್ಯಾನ್ ಫ್ರಾನ್ಸಿಸ್ಕೋದ ಮನೋವೈದ್ಯ ಜೆರೋಮ್ ಮೋಟೋ ಅವರದು. ಆತ್ಮಹತ್ಯೆಯ ಅಪಾಯದಿಂದ ಆಸ್ಪತ್ರೆ ಸೇರಿ, ಆಮೇಲೆ ಚಿಕಿತ್ಸೆಯನ್ನು ಬೇಡವೆಂದ 843 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿನವರಿಗೆ ಐದು ವರ್ಷಗಳಲ್ಲಿ 24 ಚಿಕ್ಕ ಪತ್ರಗಳನ್ನು, ಏನನ್ನೂ ಕೇಳದೆ, ಬರೀ ನೆನಪಿಸಿಕೊಳ್ಳುವ ಮಾತುಗಳೊಂದಿಗೆ ಕಳುಹಿಸಲಾಯಿತು. ಮೊದಲ ಎರಡು ವರ್ಷಗಳಲ್ಲಿ ಪತ್ರ ಪಡೆದವರಲ್ಲಿ ಆತ್ಮಹತ್ಯೆ ಗಣನೀಯವಾಗಿ ಕಡಿಮೆಯಿತ್ತು. ಮೋಟೋ ಅವರಿಗೆ ಈ ಯೋಚನೆ ಹೊಳೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾವು ಸೈನಿಕರಾಗಿದ್ದಾಗ ಒಬ್ಬ ತರುಣಿಯಿಂದ ತಪ್ಪದೆ ಬರುತ್ತಿದ್ದ ಕಾಗದಗಳ ನೆನಪಿನಿಂದ.

ಬಂದಿಗೆ ಪತ್ರ ಬರೆಯುವ, ಪಡೆಯುವ ಅವಕಾಶ ಅಧಿಕಾರಿಗಳ ದಯೆಯ ಮೇಲೆ ನಿಂತದ್ದಲ್ಲ ಎಂಬುದನ್ನು ಭಾರತದ ನ್ಯಾಯಾಲಯಗಳು ಬಹಳ ಹಿಂದೆಯೇ ಸೂಚಿಸಿವೆ. ಮುಂಬಯಿಯ ಜೈಲಿನಲ್ಲಿ ಸ್ಥಾನಬದ್ಧರಾಗಿದ್ದ ಪ್ರಭಾಕರ ಪಾಂಡುರಂಗ ಸಂಝಗಿರಿ ಎಂಬವರು ಅಣುವಿನ ಬಗ್ಗೆ ಮರಾಠಿಯಲ್ಲಿ ಬರೆದ ವಿಜ್ಞಾನ ಪುಸ್ತಕದ ಹಸ್ತಪ್ರತಿಯನ್ನು ಹೊರಗೆ ಕಳುಹಿಸಲು ಸರ್ಕಾರ ಬಿಡದಿದ್ದಾಗ, 1965ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ತಿಹಾರ್ ಜೈಲಿನ ಸುನಿಲ್ ಬಾತ್ರಾ ಎಂಬ ಬಂದಿ, ತನಗಲ್ಲ, ತನ್ನ ಪಕ್ಕದ ಇನ್ನೊಬ್ಬ ಬಂದಿಗೆ ವಾರ್ಡರನೊಬ್ಬ ಕೊಟ್ಟ ಹಿಂಸೆಯ ಬಗ್ಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೆ ಬರೆದ ಕಾಗದವನ್ನೇ ಅರ್ಜಿಯೆಂದು ಸ್ವೀಕರಿಸಿ 1979ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ನೀಡಿದ ತೀರ್ಪು ದೇಶದ ಕಾರಾಗೃಹ ಕಾನೂನಿನ ತಿರುವಾಯಿತು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 58ನೆಯದು ಬಂದಿಗಳು ಮನೆಯವರೊಂದಿಗೂ ಸ್ನೇಹಿತರೊಂದಿಗೂ ಪತ್ರದ ಮೂಲಕ ಸಂಪರ್ಕದಲ್ಲಿರಲು ಬಿಡಬೇಕೆಂದೂ, 24ನೆಯದು ಅವರ ವೈದ್ಯಕೀಯ ಆರೈಕೆ, ಮಾದಕ ವಸ್ತುಗಳ ಅವಲಂಬನೆಯ ಚಿಕಿತ್ಸೆಯೂ ಸೇರಿ, ಒಳಗೂ ಹೊರಗೂ ಕಡಿಯದೆ ಮುಂದುವರಿಯಬೇಕೆಂದೂ ಹೇಳುತ್ತವೆ. ಈ ಎರಡೂ ನಿಯಮಗಳನ್ನು ಒಟ್ಟಿಗೆ ಓದಿದರೆ ಪತ್ರಮುಖೇನ ಚೇತರಿಕೆಗೆ ಬೇರೆ ಸಮರ್ಥನೆ ಬೇಕಾಗದು.

ಆದರೆ ಪತ್ರವನ್ನು ಅಧಿಕಾರಿಗಳು ತೆರೆದು ಓದುತ್ತಾರೆ ಎಂಬ ಸಂಗತಿ ಒಂದು ಗಂಭೀರ ತೊಡಕನ್ನು ಹುಟ್ಟಿಸುತ್ತದೆ, ಮತ್ತು ಒಳ್ಳೆಯ ಮನಸ್ಸಿನ ಸ್ವಯಂಸೇವಕರು ಹೆಚ್ಚಾಗಿ ಎಡವುವುದು ಇಲ್ಲೇ. ಎ.ಎ. ಹೇಳಿಕೊಡುವ ಹನ್ನೆರಡು ಹೆಜ್ಜೆಗಳಲ್ಲಿ ನಾಲ್ಕನೆಯದು ತನ್ನ ತಪ್ಪುಗಳ ಪಟ್ಟಿಯನ್ನು ಅಂಜದೆ ಮಾಡುವುದು; ಐದನೆಯದು ಅದನ್ನು ಇನ್ನೊಬ್ಬ ಮನುಷ್ಯನೆದುರು ಒಪ್ಪಿಕೊಳ್ಳುವುದು; ಒಂಬತ್ತನೆಯದು ನೋಯಿಸಿದವರಲ್ಲಿಗೆ ಹೋಗಿ ಸರಿಪಡಿಸುವುದು. ಹೊರಗಿರುವವನಿಗೆ ಈ ಹೆಜ್ಜೆಗಳು ಬಿಡುಗಡೆ ಕೊಡಬಲ್ಲವು. ವಿಚಾರಣೆ ನಡೆಯುತ್ತಿರುವವನು ಅದೇ ಪಟ್ಟಿಯನ್ನು ಇನ್‌ಲ್ಯಾಂಡಿನಲ್ಲಿ ಬರೆದರೆ ಅದು ಅವನ ವಿರುದ್ಧದ ಸಾಕ್ಷ್ಯವಾಗಬಹುದು. ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಕಾನೂನು ಒಪ್ಪದಿದ್ದರೂ, ಒತ್ತಾಯವಿಲ್ಲದೆ ಸ್ನೇಹಿತನಿಗೆ ಬರೆದ ಮಾತಿಗೆ ಆ ರಕ್ಷಣೆಯಿಲ್ಲ. ವಕೀಲನಿಗೆ ಹೇಳಿದ್ದಕ್ಕಿರುವ ಗೋಪ್ಯತೆಯೂ ಅದಕ್ಕಿಲ್ಲ. ಆದ್ದರಿಂದ ಮೊದಲ ಪತ್ರದಲ್ಲೇ, ಕೇಸಿನ ವಿಷಯ ಬರೆಯಬೇಡಿ, ಯಾರ ಹೆಸರನ್ನೂ ಬರೆಯಬೇಡಿ, ನಿಮ್ಮ ಮೈಮನಸ್ಸಿನ ಇಂದಿನ ಸ್ಥಿತಿಯನ್ನು ಮಾತ್ರ ಬರೆಯಿರಿ ಎಂದು ಸ್ಪಷ್ಟವಾಗಿ ತಿಳಿಸುವುದು ಬರೆಯುವವರ ಹೊಣೆ. ನಾಲ್ಕನೆಯ ಹೆಜ್ಜೆ ತೀರ್ಪು ಬರುವ ತನಕ ಕಾಯಬಹುದು. ಇದರ ಜೊತೆಗೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ ಎಂಬ ಮಾಹಿತಿಯನ್ನು ತಿಳಿಸಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ವಕೀಲರನ್ನು ಕೇಳುವಂತೆ ಸೂಚಿಸಿದರೆ ಅದು ದೊಡ್ಡ ಉಪಕಾರ. ಎಷ್ಟೋ ಬಂದಿಗಳಿಗೆ ಇಂಥ ಕಲಮು ಇದೆಯೆಂಬುದೇ ತಿಳಿದಿರುವುದಿಲ್ಲ.

ಮಂಗಳೂರಿನ ಜೈಲಿಗೆ ಪತ್ರ ಬರೆಯುವುದೆಂದರೆ ಭಾಷೆಯ ಪ್ರಶ್ನೆಯೂ ಹೌದು. ಬ್ಯಾರಕ್ಕಿನಲ್ಲಿ ಕೇಳಿಬರುವುದು ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ, ಹಿಂದಿ. ಆದರೆ ತುಳುವಿನಲ್ಲಿ ಬದುಕಿದವನು ಶಾಲೆಯಲ್ಲಿ ಕಲಿತದ್ದು ಕನ್ನಡದ ಅಕ್ಷರ. ಈ ಊರಿನ ಮುದ್ರಣದ ಚರಿತ್ರೆ ಇಲ್ಲಿ ನೆರವಿಗೆ ಬರುತ್ತದೆ. ಬಾಸೆಲ್ ಮಿಶನ್ನಿನ ಮೆನ್ನರ್ 1886ರಲ್ಲಿ ತಂದ ತುಳು ನಿಘಂಟಿನಿಂದ ಹಿಡಿದು 1938ರಲ್ಲಿ ಶುರುವಾದ ಕೊಂಕಣಿ ವಾರಪತ್ರಿಕೆ ರಾಕ್ಣೊವರೆಗೆ ಕರಾವಳಿಯ ಮಾತುಗಳೆಲ್ಲ ಕನ್ನಡ ಲಿಪಿಯಲ್ಲಿ ಬರೆಯಲ್ಪಟ್ಟೇ ಬೆಳೆದಿರುವುದರಿಂದ, ಕುಡಿತದ ಬಗ್ಗೆ ತುಳುವಿನಲ್ಲೇ ಯೋಚಿಸುವವನು ಕನ್ನಡ ಅಕ್ಷರದಲ್ಲಿ ತುಳುವನ್ನೇ ಬರೆದರೆ ಯಾರಿಗೂ ವಿಚಿತ್ರವೆನಿಸದು. ಕನ್ನಡದ ಮದ್ಯಪಾನ ಎಂಬ ಪದ ಅವನಿಗೆ ಸರ್ಕಾರಿ ಬೋರ್ಡಿನಲ್ಲಿ ಕಂಡದ್ದು. ತುಳುವಿನ ಕಳಿ, ಗಂಗಸರ ಎಂಬ ಮಾತುಗಳಲ್ಲಿ ಅವನ ಅಪ್ಪನ ವಾಸನೆ ಇದೆ, ಊರ ಕೋಳಿ ಅಂಕದ ಗದ್ದಲ ಇದೆ, ಕಳೆದುಹೋದ ಗದ್ದೆ ಇದೆ. ಕೊಂಕಣಿಯವನಿಗೆ ಅದು ಸೊರೊ. ಮನಸ್ಸಿನ ಮಾತು ಬರುವ ಭಾಷೆಯಲ್ಲೇ ಪತ್ರ ನಡೆಯಬೇಕು, ಆ ಭಾಷೆಯನ್ನು ಓದಬಲ್ಲ ಸಿಬ್ಬಂದಿ ಮಂಗಳೂರಿನ ಜೈಲಿನಲ್ಲಿ ಇಲ್ಲದಿರಲಾರರು. ಅಕ್ಷರ ಬಾರದವರ ವಿಷಯ ಬೇರೆ. ಅವರಿಗೆ ಓದಿ ಹೇಳಲು, ಬರೆದುಕೊಡಲು ಇನ್ನೊಬ್ಬ ಬಂದಿಯನ್ನು ನೆಚ್ಚಿದರೆ ಗುಟ್ಟು ಬ್ಯಾರಕ್ಕಿನ ಮಾತಾಗುವ ಭಯವಿರುವುದರಿಂದ, ಕಾನೂನು ಸೇವೆಗಳ ಪ್ರಾಧಿಕಾರದ ಅರೆಕಾಲಿಕ ಕಾನೂನು ಸ್ವಯಂಸೇವಕರಂಥ ಹೊರಗಿನವರು ಆ ಕೆಲಸ ಮಾಡುವುದೇ ಸರಿ.

ಬರೆಯುವವರು ಯಾರು ಎಂಬ ಪ್ರಶ್ನೆಗೆ, ಬಂದಿಯ ಸ್ವಂತ ಊರಿನವರನ್ನು ಬಿಟ್ಟರೂ, ಈ ಭಾಗದಲ್ಲೇ ಉತ್ತರವಿದೆ. ಎ.ಎ. ಕೂಟಗಳಲ್ಲಿ, ನವಜೀವನ ಸಮಿತಿಗಳಲ್ಲಿ, ಆಸ್ಪತ್ರೆಗಳ ವ್ಯಸನಮುಕ್ತಿ ವಿಭಾಗಗಳಿಂದ ಹೊರಬಂದವರಲ್ಲಿ ವರ್ಷಗಟ್ಟಲೆ ಅಮಲಿಲ್ಲದೆ ಬದುಕುತ್ತಿರುವ ಗಂಡಸರು ಹೆಂಗಸರು ಕರಾವಳಿಯಲ್ಲಿ ಧಾರಾಳವಾಗಿ ಇದ್ದಾರೆ. ಅವರಿಗೆ ಅಡ್ಡಿಯಾಗುವುದು ಅನಾಮಿಕತೆಯ ಚಿಂತೆ, ಎಂದರೆ ತಾನು ಹಿಂದೆ ಕುಡುಕನಾಗಿದ್ದೆನೆಂಬುದು ಊರಿಗೆ ಗೊತ್ತಾಗಬಾರದೆಂಬ, ಮನೆಯ ವಿಳಾಸ ಬಂದಿಗಳ ಕೈಗೆ ಸಿಗಬಾರದೆಂಬ ನ್ಯಾಯವಾದ ಅಂಜಿಕೆ. ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿಯಲ್ಲಿ ಒಂದು ಪೋಸ್ಟ್ ಬಾಕ್ಸ್ ಪಡೆದು, ಬರುವ ಹೋಗುವ ಕಾಗದಗಳೆಲ್ಲ ಆ ಸಂಖ್ಯೆಯ ಮೂಲಕವೇ ಹಾದು, ಹೆಸರಿನ ಬದಲು ಒಂದು ಕರೆಯುವ ಹೆಸರಷ್ಟೇ ಬಳಕೆಯಾದರೆ ಈ ಅಂಜಿಕೆ ಕಳೆಯುತ್ತದೆ. ಯಾರು ಯಾರಿಗೆ ಬರೆಯುತ್ತಿದ್ದಾರೆಂಬ ದಾಖಲೆ ಜೈಲು ಅಧೀಕ್ಷಕರ ಬಳಿ ಮಾತ್ರ ಇರಬಹುದು. ಒಬ್ಬರು ಇಬ್ಬರಿಗಿಂತ ಹೆಚ್ಚು ಬಂದಿಗಳಿಗೆ ಬರೆಯದಿರುವುದು ಒಳ್ಳೆಯದು. ಹತ್ತು ಜನರಿಗೆ ಬರೆದು ನಾಲ್ಕನೆಯ ತಿಂಗಳು ದಣಿದು ನಿಲ್ಲಿಸಿದವರು ಬರೆಯದೇ ಇದ್ದವರಿಗಿಂತ ಹೆಚ್ಚು ನೋವು ಕೊಡುತ್ತಾರೆ, ಯಾಕೆಂದರೆ ಕೈಬಿಟ್ಟವರ ಪಟ್ಟಿಗೆ ಬಂದಿಯ ಮನಸ್ಸಿನಲ್ಲಿ ಇನ್ನೊಂದು ಹೆಸರು ಸೇರುತ್ತದೆ.

ಇಡೀ ಪ್ರಯತ್ನದ ಅತಿ ಸೂಕ್ಷ್ಮ ಘಟ್ಟ ಬಿಡುಗಡೆಯ ದಿನ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಹೊರಬಂದ 30,237 ಮಂದಿಯ ದಾಖಲೆಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಿಡುಗಡೆಯ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಹೊರಗಿನ ಜನರಿಗಿಂತ 12.7 ಪಟ್ಟು, ಮಾದಕ ವಸ್ತುವಿನ ಅತಿಸೇವನೆಯಿಂದ ಸಾಯುವ ಅಪಾಯ 129 ಪಟ್ಟು ಹೆಚ್ಚಿತ್ತು. ಒಳಗಿದ್ದ ತಿಂಗಳುಗಳಲ್ಲಿ ದೇಹ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ, ಮನಸ್ಸು ಮಾತ್ರ ಹಳೆಯ ಪ್ರಮಾಣವನ್ನೇ ನೆನಪಿಟ್ಟುಕೊಂಡಿರುತ್ತದೆ. ಮಂಗಳೂರಿನಲ್ಲಿ ಜಾಮೀನಿನ ಆದೇಶ ಸಂಜೆ ತಲುಪಿ, ಕತ್ತಲಾದ ಮೇಲೆ ಜೈಲು ರಸ್ತೆಗೆ ಕಾಲಿಡುವವನಿಗೆ ಮನೆಯವರಿಗಿಂತ ಮೊದಲು ಹಳೆಯ ಗೆಳೆಯರೇ ಬೈಕು ತಂದು ನಿಂತಿರುವುದುಂಟು. ಅಮೆರಿಕದ ಎ.ಎ. ಇದಕ್ಕಾಗಿಯೇ, ಬಿಡುಗಡೆಯಾದವನನ್ನು ಮೊದಲ ಸಭೆಗೆ ಕೈಹಿಡಿದು ಕರೆದೊಯ್ಯುವ ತಾತ್ಕಾಲಿಕ ಜೊತೆಗಾರರನ್ನು ಪ್ರತ್ಯೇಕವಾಗಿ ನೇಮಿಸುತ್ತದೆ. ಇಲ್ಲಿ ಆ ಕೆಲಸದ ಮೊದಲ ಭಾಗವನ್ನು ಪತ್ರವೇ ಮಾಡಬಹುದು. ತೀರ್ಪಿನ ಅಥವಾ ಜಾಮೀನಿನ ಸುಳಿವು ಸಿಗುವ ಮೊದಲೇ ಕಳುಹಿಸಿರುವ ಒಂದು ಕಾಗದ ಅವನ ಚೀಲದಲ್ಲಿರಬೇಕು: ಸಂಜೆಯ ಕೂಟ ಸೇರುವ ಜಾಗದ ಹೆಸರು, ಅಲ್ಲಿಗೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಹೋಗುವ ಬಸ್ಸಿನ ಸಂಖ್ಯೆ, ಬಾಗಿಲಲ್ಲಿ ಕಾಯುವವರ ಕರೆಯುವ ಹೆಸರು, ರಾತ್ರಿಯಾದರೆ ಮಾತನಾಡಲು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿಯ 14446. ಮುಡಿಪು ಬಳಿ ಕಟ್ಟಲಾಗುತ್ತಿರುವ ಹೊಸ ಜೈಲಿಗೆ ಬಂದಿಗಳು ಸ್ಥಳಾಂತರಗೊಂಡ ಮೇಲೆ ನಗರದ ಸ್ವಯಂಸೇವಕರು ವಾರವಾರ ಅಲ್ಲಿಗೆ ಹೋಗಿಬರುವುದು ಇನ್ನಷ್ಟು ಕಷ್ಟವಾಗಲಿದ್ದು, ಆ ಕಾಗದದಲ್ಲಿ ಮುಡಿಪುವಿನಿಂದ ನಗರಕ್ಕೆ ಬರುವ ಕೊನೆಯ ಬಸ್ಸಿನ ಸಮಯವನ್ನೂ ಬರೆಯಬೇಕಾಗುತ್ತದೆ.